ಪುಕ್ಕಟೆಯದಕ್ಕೆ ಶಂಕೆ, ಕದ್ದದ್ದಕ್ಕೆ ಮರ್ಯಾದೆ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವವರು ಮೊದಲೆಲ್ಲ ಸಕ್ಕರೆ ಕಾಯಿಲೆ, ಪಿಂಚಣಿ ಮತ್ತು ಸೊಸೆಯರ ವಿಚಾರ ಮಾತನಾಡುತ್ತಿದ್ದರು. ಈಗಿನ ಚರ್ಚೆ, ಪುಸ್ತಕ ಬರೆಯಲು ಯಾವ ಉಚಿತ ತಂತ್ರಾಂಶ ಒಳ್ಳೆಯದು ಎಂಬುದು. ಆತ್ಮಕಥೆ ಬರೆಯದೆ ಮೈಸೂರಿನಲ್ಲಿ ನಿವೃತ್ತಿ ಪೂರ್ತಿಯಾಗುವುದಿಲ್ಲ. ಬರೆಯುವ ಮುನ್ನ ಸಾಧನ ಆರಿಸಬೇಕು. ಆರಿಸುವುದು ಮುಗಿಯುವ ಕೆಲಸವಲ್ಲ. ಹಾಗಾಗಿ ಬರೆಯುವ ಸಂಕಟವೂ ಇಲ್ಲ, ಸಾಹಿತಿ ಎನ್ನಿಸಿಕೊಳ್ಳುವುದಕ್ಕೆ ಅಡ್ಡಿಯೂ ಇಲ್ಲ.

ನಿವೃತ್ತ ಎಂಜಿನಿಯರೊಬ್ಬರು ಲಿಬ್ರೆಆಫೀಸಿನಿಂದ ಶುರು ಮಾಡಿದರು. ಎಷ್ಟು ಸಲ ಫಾಂಟ್ ಬದಲಾಯಿಸಿದರೂ ಕನ್ನಡ ಅಕ್ಷರ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಅದರ ಲೆಕ್ಕದಲ್ಲಿ ಕನ್ನಡ ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿದ್ದು. ಆ ಗುಂಪಿನ ಫಾಂಟನ್ನು ಬೇರೆಯಾಗಿಯೇ ಹೇಳಬೇಕು. ಸೆಟ್ಟಿಂಗಿನಲ್ಲಿ ಒಂದು ಗುರುತು ಹಾಕಿದ್ದರೆ ಮುಗಿಯುತ್ತಿತ್ತು. ಅವರು ತಂತ್ರಾಂಶವನ್ನೇ ಬಿಟ್ಟರು. ಮುಂದೆ ಫೋಕಸ್‌ರೈಟರ್ ಬಂತು. ಪರದೆಯ ಮೇಲೆ ಬೇರೇನೂ ಕಾಣದಂತೆ ಮಾಡುವ ಇದು, ಬೇಕೆಂದರೆ ಟೈಪ್‌ರೈಟರಿನ ಟಕಟಕ ಸದ್ದನ್ನೂ ಹೊರಡಿಸುತ್ತದೆ. ಸದ್ದು ಕೇಳಿ ಮನೆಯವರಿಗೆ ಗೌರವ ಹುಟ್ಟಿತು. ಗೌರವ ಸಿಕ್ಕ ಮೇಲೆ ಮ್ಯಾನುಸ್ಕ್ರಿಪ್ಟ್ ಎಂಬ ಇನ್ನೊಂದಕ್ಕೆ ಹಾರಿದರು. ಕಾದಂಬರಿಕಾರರಿಗೆಂದೇ ಮಾಡಿದ್ದು. ಒಂದೊಂದು ಪಾತ್ರಕ್ಕೂ ಗುರಿ, ಸಂಘರ್ಷ, ಜ್ಞಾನೋದಯ ಎಂದು ಖಾನೆಗಳಿರುತ್ತವೆ. ಧರ್ಮಪತ್ನಿಯ ಹೆಸರಿನಲ್ಲಿ ತೆರೆದ ಪುಟದಲ್ಲಿ ಸಂಘರ್ಷದ ಖಾನೆ ತುಂಬಿ ಹರಿಯುತ್ತಿದೆಯಂತೆ. ಜ್ಞಾನೋದಯದ ಖಾನೆ ಖಾಲಿ. ಆತ್ಮಕಥೆ ಇನ್ನೂ ಅರ್ಪಣೆಯ ಪುಟದಲ್ಲಿದೆ.

ಮಾನಸಗಂಗೋತ್ರಿಯ ಕಡೆಯಿಂದ ಬರುವ ಗಣಿತದ ಪ್ರಾಧ್ಯಾಪಕರೊಬ್ಬರು ಇವರನ್ನೆಲ್ಲ ಕನಿಕರದಿಂದ ನೋಡುತ್ತಾರೆ. ಅವರದು ಪುಟಗಳನ್ನು ಅಚ್ಚಿಗೆ ಜೋಡಿಸುವ ಲೇಟೆಕ್. ಅದಕ್ಕೆ ತಾಯಿಬೇರಾದ ಟೆಕ್ ಹುಟ್ಟಿದ ಕಥೆಯನ್ನು ಅವರು ಭಕ್ತಿಯಿಂದ ಹೇಳುತ್ತಾರೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚನ್ನು 1977ರಲ್ಲಿ ಕಂಡು ಹೇಸಿದರು. ಅಚ್ಚಿಗೆ ಜೋಡಿಸುವ ತಂತ್ರಾಂಶವನ್ನು ತಾವೇ ಮಾಡಲು ಕುಳಿತರು. ಬೇಗ ಮುಗಿದೀತೆಂದುಕೊಂಡ ಕೆಲಸ ಹತ್ತು ವರ್ಷ ದಾಟಿತು. ಅವರ ಮೂರನೆಯ ಸಂಪುಟ ಬಂದದ್ದು 1973ರಲ್ಲಿ, ನಾಲ್ಕನೆಯದರ ಮೊದಲ ಭಾಗ 2011ರಲ್ಲಿ. ಈ ಎರಡು ಇಸವಿಗಳನ್ನು ಹೇಳುವಾಗ ಪ್ರಾಧ್ಯಾಪಕರ ಮುಖದಲ್ಲಿ ಮೂಡುವ ನೆಮ್ಮದಿ ನೋಡಬೇಕು. ಕನೂತ್ ಆ ನಡುವೆ ಜಗತ್ತಿಗೆ ಟೆಕ್ ಕೊಟ್ಟರು ಎಂಬುದನ್ನು ಮಾತ್ರ ಅವರು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ.

ಇಂಥ ಗುಂಪಿನಲ್ಲಿ ಒಬ್ಬರು ಶಿಸ್ತು ಮುರಿದು ಪುಸ್ತಕವನ್ನು ಬರೆದೇಬಿಟ್ಟರು. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತರಾದ ಮೇಡಂ. ಮದ್ದೂರು ಸೀಮೆಯ ಸೋಬಾನೆ ಪದಗಳ ಸಂಗ್ರಹ. ಲಿಬ್ರೆಆಫೀಸಿನಲ್ಲಿ ಗುರುತು ಹಾಕಬೇಕಾದಲ್ಲಿ ಹಾಕಿ, ಲಿಪಿಗೊಂದು ಸ್ವಂತ ಜಾಗವಿರುವ ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆಯಲ್ಲಿ ಟೈಪ್ ಮಾಡಿ, ಪೆನ್‌ಡ್ರೈವ್ ಹಿಡಿದು ಒಂದು ಮುದ್ರಣಾಲಯಕ್ಕೆ ಹೋದರು. ಡಿಟಿಪಿ ಕುರ್ಚಿಯ ಹುಡುಗ ಕಡತ ತೆರೆದು ನಿಟ್ಟುಸಿರು ಬಿಟ್ಟ.

“ಮೇಡಂ, ಇದು ಯೂನಿಕೋಡ್. ಪೇಜ್‌ಮೇಕರಿನಲ್ಲಿ ಕೂರುವುದಿಲ್ಲ. ನುಡಿ ಫಾಂಟಿನಲ್ಲಿ ಬೇಕು.”

“ಹಾಗಾದರೆ ಏನು ಮಾಡುವುದಪ್ಪ?”

“ಏನೂ ಇಲ್ಲ. ಎಲ್ಲವನ್ನೂ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಕೊಡಿ. ನಾವು ನೋಡಿಕೊಂಡು ಟೈಪ್ ಮಾಡುತ್ತೇವೆ. ಪುಟಕ್ಕೆ ಇಷ್ಟು.”

ಕಂಪ್ಯೂಟರಿನಲ್ಲಿದ್ದ ಪುಸ್ತಕ ಕಾಗದಕ್ಕೆ ಇಳಿದು, ಕಾಗದದಿಂದ ಪಕ್ಕದ ಕಂಪ್ಯೂಟರಿಗೆ ಏರಿತು. ಏರುವಾಗ ಹುಡುಗ ತನ್ನ ವಿದ್ಯೆಯನ್ನೂ ಸೇರಿಸಿದ. ಮದ್ದೂರಿನ ಅಜ್ಜಿಯರ ‘ಯಾಕವ್ವ’ಗಳೆಲ್ಲ ಕರಡಚ್ಚಿನಲ್ಲಿ ‘ಏಕಮ್ಮ’ ಆಗಿ ಸೆರಗು ಸರಿಮಾಡಿಕೊಂಡು ನಿಂತಿದ್ದವು. ಮೇಡಂ ಜೀವಮಾನವೆಲ್ಲ ‘ಯಾಕವ್ವ’ವನ್ನು ತಿದ್ದಿ ‘ಏಕಮ್ಮ’ ಮಾಡಿದವರು. ಈಗ ಕೆಂಪು ಶಾಯಿಯಲ್ಲಿ ಅದನ್ನೇ ತಿರುಗಾ ಮುರುಗಾ ಮಾಡುತ್ತ ಕುಳಿತರು.

ಪೇಜ್‌ಮೇಕರಿನ ಮಹಿಮೆಯನ್ನು ಸ್ವಲ್ಪ ಹೇಳಬೇಕು. ಪುಟ ವಿನ್ಯಾಸದ ಈ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಮಾಡಿದ ಕಂಪನಿಯೇ ಅದನ್ನು ಮುಂದುವರಿಸುವುದನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಅದು ಒಳಗೆ ಪ್ರತ್ಯಕ್ಷವಾಗುತ್ತದೆ. ಹಳೆಯ ಸಿಡಿಯೊಂದು ಅಂಗಡಿಯಿಂದ ಅಂಗಡಿಗೆ ಮದುವೆ ಮನೆಯ ಬಾಡಿಗೆ ಪಾತ್ರೆಯಂತೆ ತಿರುಗುತ್ತಿರುತ್ತದೆ. ರಸೀದಿ ಕೇಳುವುದು ಸಭ್ಯತೆಯಲ್ಲ. ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಎಂಬುದು ಕಾಸು ಖರ್ಚಿಲ್ಲದೆ, ಕಾನೂನಿಗೆ ಹೆದರದೆ ಸಿಗುತ್ತದೆ. ಈಗೀಗ ಅದಕ್ಕೆ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವುದೂ ಗೊತ್ತು. ಅದನ್ನು ಹಾಕಿಕೊಳ್ಳಬಾರದೇಕೆ ಎಂದರೆ ಉತ್ತರ ಸಿದ್ಧವಿದೆ: “ಪುಕ್ಕಟೆ ಸಿಗುವುದು ಸಾರ್, ನಾಳೆ ಕೈಕೊಟ್ಟರೆ ಯಾರನ್ನು ಕೇಳುವುದು?” ಕದ್ದ ಪೇಜ್‌ಮೇಕರ್ ಕೈಕೊಟ್ಟಾಗ ಯಾರನ್ನು ಕೇಳುತ್ತಾರೆ ಎಂದು ನಾನು ಕೇಳಲಿಲ್ಲ. ಬಾಳೆಹಣ್ಣಿಗೆ ಸಿಕ್ಕಿಸಿದ ಊದುಬತ್ತಿ ಸಿಪಿಯು ಮೇಲೆಯೇ ಇತ್ತು.

ಕನ್ನಡ ಟೈಪಿಂಗಿನ ನುಡಿ ತಂತ್ರಾಂಶವನ್ನು ದೂರುವುದು ಅನ್ಯಾಯ. ಕನ್ನಡ ಗಣಕ ಪರಿಷತ್ತು ಅದನ್ನು ಕೊಟ್ಟ ಕಾಲಕ್ಕೆ ಅದು ದೊಡ್ಡ ಉಪಕಾರ. ಅದೂ ಪುಕ್ಕಟೆಯೇ, ಈಗ ಅದರಲ್ಲಿ ಯೂನಿಕೋಡೂ ಬರುತ್ತದೆ. ಪೇಚಿರುವುದು ಹಳೆಯ ಫಾಂಟಿನ ವೇಷದಲ್ಲಿ: ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಕಾಣುವುದು ಕನ್ನಡದ ರೂಪ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದವು ಒಂದು ಪಿ, ನೆತ್ತಿಯ ಮೇಲೆ ಗೀರು ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಗೀರಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀರಿನ ಎ ಆಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿದ್ದು 1991ರಲ್ಲಿ. ಮನೆ ಸಿಕ್ಕಿ ಮೂವತ್ತು ವರ್ಷ ದಾಟಿದರೂ ನಮ್ಮ ಎಷ್ಟೋ ಪುಸ್ತಕಗಳು ಇಂಗ್ಲಿಷ್ ಅಕ್ಷರಗಳ ಜಗಲಿಯಲ್ಲೇ ಮಲಗುತ್ತಿವೆ. 2024ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮುಂಚೆ ಬಾಡೂಟ ಬೇಕೋ ಬೇಡವೋ ಎಂದು ನಾಡೆಲ್ಲ ತೋಳೇರಿಸಿತು. ಅಲ್ಲಿ ಮಾರಾಟಕ್ಕಿದ್ದ ಪುಸ್ತಕಗಳ ಹೊಟ್ಟೆಯಲ್ಲಿ ಏನಿದೆ ಎಂದು ಕೇಳಿ ಯಾರಾದರೂ ಎಲೆ ಬಿಟ್ಟೆದ್ದ ಸುದ್ದಿ ನನಗೆ ತಲುಪಲಿಲ್ಲ.

ಇದೇ ಊರಿನ ಪ್ರಾಚ್ಯ ಗ್ರಂಥಾಲಯಕ್ಕೆ 1905ರಲ್ಲಿ ಬಂದ ತಾಳೆಗರಿಯ ಕಟ್ಟಿನಲ್ಲಿ ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅಚ್ಚು ಮಾಡಿಸಿದರು. ಗ್ರಂಥ ಲಿಪಿಯ ಗರಿಯನ್ನು ಓದಲು ಅವರಿಗೆ ಬೇಕಾದದ್ದು ಕಣ್ಣು ಮತ್ತು ವಿದ್ಯೆ. ಮೇಡಂ ಪುಸ್ತಕವನ್ನು ಮುಂದೆ ಯಾರಾದರೂ ಗುರುತಿಸಬೇಕಾದರೆ ಆ ಸಿಡಿಯೂ ಬೇಕು, ಊದುಬತ್ತಿಯೂ ಬೇಕು.

ಪುಸ್ತಕ ಬಿಡುಗಡೆಯಾಯಿತು. ಹೊರದೇಶದಲ್ಲಿರುವ ಮಗಳು ಇ-ಪುಸ್ತಕ ಕೇಳಿದಳು. ಮುದ್ರಣಾಲಯ ಕೊಟ್ಟ ಪಿಡಿಎಫ್‌ನಲ್ಲಿ ‘ಸೋಬಾನೆ’ ಎಂದು ಹುಡುಕಿದರೆ ಒಂದೂ ಸೋಬಾನೆ ಸಿಗಲಿಲ್ಲ. ಮನೆಯಲ್ಲಿದ್ದ ಮೂಲ ಕಡತಕ್ಕೆ ಕೆಂಪು ಶಾಯಿಯ ತಿದ್ದುಪಡಿಗಳಾಗಲಿ, ಆಮೇಲೆ ಸೇರಿಸಿದ ಪದಗಳಾಗಲಿ ಹೋಗಿರಲಿಲ್ಲ. ಅವೆಲ್ಲ ಇದ್ದದ್ದು ಪೇಜ್‌ಮೇಕರಿನಲ್ಲಿ. ಮೇಡಂ ಮತ್ತೆ ಮುದ್ರಣಾಲಯಕ್ಕೆ ಹೋದರು. ಹುಡುಗ ಈ ಸಲ ನಿಟ್ಟುಸಿರು ಬಿಡಲಿಲ್ಲ. ಹೊಸದಾಗಿ ಅಂಟಿಸಿದ್ದ ದರಪಟ್ಟಿಯ ಕಡೆ ಬೆರಳು ತೋರಿಸಿದ. ಕೊನೆಯ ಸಾಲಿನಲ್ಲಿ ‘ಯೂನಿಕೋಡ್ ಮಾಡಿಕೊಡಲಾಗುವುದು’ ಎಂದಿತ್ತು. ಟೈಪಿಂಗಿಗಿಂತ ಪುಟಕ್ಕೆ ಐದು ರೂಪಾಯಿ ಹೆಚ್ಚು. ಅರ್ಕಾವತ್ತು ತಪ್ಪಿದರೆ ತಾವು ಜವಾಬ್ದಾರರಲ್ಲವಂತೆ. ಮೇಡಂ ಮುಂಗಡ ಕೊಟ್ಟು ರಸೀದಿ ಪಡೆದರು.