ತೋಳದ ಮರಿಗಳಿಗೆ ಕವಾಯತು ಯಾಕೆ?

ನನ್ನ ಮಗನಿಗೆ ಈಗ 9 ವರ್ಷ. ನಾವಿರುವುದು ಇಂಗ್ಲೆಂಡಿನ ಒಂದು ಸಣ್ಣ ಊರಲ್ಲಿ. ಪ್ರತಿ ಗುರುವಾರ ಸಂಜೆ ಅವನು ಕಬ್ಸ್‌ಗೆ, ಅಂದರೆ ಸ್ಕೌಟ್‌ನ ಚಿಕ್ಕ ಮಕ್ಕಳ ಗುಂಪಿಗೆ, ಹೋಗುತ್ತಾನೆ. ಅಲ್ಲಿನ ಲೀಡರ್‌ಗೆ ಅಕೇಲಾ ಅಂತಾರೆ, ಜೊತೆಗಿರುವವರು ಬಾಲೂ, ಬಘೀರಾ. ಹೋದ ವಾರ ಬಂದವನೇ, "ಅಪ್ಪ, ಬಾಲೂ ಅಂದ್ರೆ ಏನು?" ಅಂತ ಕೇಳಿದ. "ಕರಡಿ ಕಣೋ, ಹಿಂದಿಯಲ್ಲಿ ಭಾಲೂ ಅಂತಾರೆ" ಅಂದೆ. ತನ್ನ ಜೊತೆಯ ಮಕ್ಕಳಿಗೆಲ್ಲ ಇದನ್ನು ಹೇಳಬೇಕು ಅಂತ ಕುಣಿದಾಡಿಬಿಟ್ಟ.

ನಾನೂ ಊರಿನ ಶಾಲೆಯಲ್ಲಿ ಕಬ್ ಆಗಿದ್ದೆ. ನನಗೆ ನೆನಪಿರುವುದು ಆಗಸ್ಟ್ 15ರ ಪರೇಡ್ ಒಂದೇ. ತಿಂಗಳುಗಟ್ಟಲೆ ಲೆಫ್ಟ್ ರೈಟ್, ಹೆಜ್ಜೆ ತಪ್ಪಿದರೆ ಕಾಲಿಗೆ ಬೆತ್ತದ ಏಟು. ಅಕೇಲಾ ಯಾರು, ನಮ್ಮನ್ನು ಕಬ್ ಅಂತ ಯಾಕೆ ಕರೆಯುತ್ತಾರೆ ಅಂತ ಒಬ್ಬರೂ ಹೇಳಲಿಲ್ಲ.

ಈ ಕಬ್ಸ್ ಹುಟ್ಟಿದ್ದೇ ಚಿಕ್ಕ ಮಕ್ಕಳ ಹಟದಿಂದ. 1907ರಲ್ಲಿ ಸ್ಕೌಟಿಂಗ್ ಶುರುಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ನಡೆಸಿದರು. ಮರುವರ್ಷ ಸ್ಕೌಟಿಂಗ್ ಬಗ್ಗೆ ಅವರ ಪುಸ್ತಕ ಬಂತು, ಇಂಗ್ಲೆಂಡಿನ ತುಂಬ ಸ್ಕೌಟ್ ದಳಗಳು ಎದ್ದವು. ಅಣ್ಣ ಹೋದಲ್ಲಿ ತಮ್ಮ ಬಿಡ್ತಾನಾ? ನಾನೂ ಬರ್ತೀನಿ ಅಂತ ಚಿಕ್ಕವರೂ ಬೆನ್ನು ಹತ್ತಿದರು. ಕೆಲವು ಕಡೆ ಲೀಡರ್‌ಗಳೇ ಅವರಿಗೊಂದು ಕಿರಿಯರ ಗುಂಪು ಮಾಡಿಕೊಟ್ಟರು. ಆದರೆ ಪುಟ್ಟ ಹುಡುಗರನ್ನು ದೊಡ್ಡವರ ಜೊತೆ ಸೇರಿಸಿದರೆ ದೊಡ್ಡವರು ಬೇಸತ್ತು ಹೋಗುತ್ತಾರೆ, ಚಿಕ್ಕವರು ಸುಸ್ತಾಗಿ ಹೋಗುತ್ತಾರೆ, ಇಬ್ಬರಿಗೂ ಸುಖವಿಲ್ಲ. ಹಾಗಾಗಿ 1914ರಲ್ಲಿ ಅವರಿಗಾಗಿಯೇ ಒಂದು ಯೋಜನೆ ಬಂತು, 1916ರಲ್ಲಿ ಅವರದೇ ಕೈಪಿಡಿ. ವುಲ್ಫ್ ಕಬ್ಸ್ ಅಂತ ಹೆಸರಿಟ್ಟರು, ಅಂದರೆ ತೋಳದ ಮರಿಗಳು. ಇದರ ಹಿಂದಿನ ಕಥೆ ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಬರೆದ, ತೋಳಗಳು ಸಾಕಿದ ಹುಡುಗ ಮೋಗ್ಲಿಯದು. ಅಕೇಲಾ ಅದರಲ್ಲಿ ತೋಳಗಳ ನಾಯಕ. ಆ ಕಥೆ ನಡೆಯುವುದು ನಮ್ಮ ಮಧ್ಯಪ್ರದೇಶದ ಸಿವನಿ ಕಾಡಿನಲ್ಲಿ!

ಆ ಕಾಲದ ಪರೀಕ್ಷೆಗಳನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಲಾಗ ಹಾಕಬೇಕು. ಒಬ್ಬರ ಬೆನ್ನ ಮೇಲಿಂದ ಒಬ್ಬರು ಹಾರಬೇಕು. ಗಡಿಯಾರ ನೋಡಿ ಹೊತ್ತು ಹೇಳಬೇಕು. ಉಗುರು ಯಾಕೆ ಚೊಕ್ಕಟವಾಗಿರಬೇಕು ಅಂತ ಗೊತ್ತಿರಬೇಕು. ಇಷ್ಟು ಆದರೆ ಟೋಪಿಗೆ ಒಂದು ನಕ್ಷತ್ರ. ತೋಳದ ಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದಲ್ಲ, ಮೊದಲ ನಕ್ಷತ್ರ ಸಿಕ್ಕರೆ ಒಂದು ಕಣ್ಣು ತೆರೆಯಿತು ಅಂತ ಲೆಕ್ಕ, ಎರಡನೆಯದು ಸಿಕ್ಕರೆ ಎರಡೂ ಕಣ್ಣು. ಎಂಟು ವರ್ಷದ ಮಗುವಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳೋದು?

ಇದನ್ನು ಕಟ್ಟಿ ಬೆಳೆಸಿದವರಲ್ಲಿ ವೆರಾ ಬಾರ್ಕ್ಲೇ ಅನ್ನುವ ಹೆಣ್ಣುಮಗಳು ಮುಖ್ಯ. ಹರ್ಟ್‌ಫರ್ಡ್ ಹೀತ್ ಅನ್ನುವ ಹಳ್ಳಿಯಲ್ಲಿ ಚಿಕ್ಕ ಹುಡುಗರನ್ನು ಕಟ್ಟಿಕೊಂಡು ಗುಂಪು ನಡೆಸಿದ್ದರು. 1916ರಲ್ಲಿ ಕಬ್ಸ್‌ನ ಪೂರ್ತಿ ಹೊಣೆ ಅವರಿಗೆ ಬಂತು. ಗಂಡಸರು ಮೊದಲ ಮಹಾಯುದ್ಧಕ್ಕೆ ಹೋಗಿದ್ದ ಕಾಲ ಅದು, ಊರೂರಲ್ಲಿ ಹೆಂಗಸರೇ ಅಕೇಲಾ ಆದರು. ಹುಡುಗರ ಸಂಸ್ಥೆಯೊಂದು ಆ ಕಾಲದಲ್ಲಿ ಹೆಂಗಸರನ್ನು ನಂಬಿ ಮಕ್ಕಳನ್ನು ಒಪ್ಪಿಸಿತಲ್ಲ, ಅದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಇಲ್ಲಿನದೆಲ್ಲ ಚೆನ್ನ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ನಡೆಸುವವರು ಸಂಬಳ ಇಲ್ಲದೆ ಬರುವ ಊರಿನವರು, ಅವರು ಸಾಲದೆ ನನ್ನ ಮಗ ಒಂದು ವರ್ಷ ಕಾಯಬೇಕಾಯಿತು. ನಮ್ಮಲ್ಲಿ ಶಾಲೆಯೊಳಗೇ ಕಬ್ ಇದೆ, ಹುಡುಗಿಯರಿಗೆ ಬುಲ್‌ಬುಲ್ ಇದೆ, ಕೂಲಿ ಮಾಡುವವರ ಮಗುವೂ ಸುಲಭವಾಗಿ ಸೇರಬಹುದು. ಅದು ದೊಡ್ಡ ಮಾತು. ಬೆಂಗಳೂರಿಗಂತೂ ಸ್ಕೌಟಿಂಗ್ 1909ರಲ್ಲೇ ಬಂದಿತ್ತು. ಆಗ ನಮ್ಮ ಮಕ್ಕಳಿಗೆ ಅದರಲ್ಲಿ ಜಾಗ ಇರಲಿಲ್ಲ, ಬಿಳಿಯರಿಗೆ, ಆಂಗ್ಲೋ ಇಂಡಿಯನ್ನರಿಗೆ ಮಾತ್ರ. ಅಷ್ಟು ಕಷ್ಟಪಟ್ಟು ಪಡೆದದ್ದನ್ನು ಬರೀ ಪರೇಡಿಗೆ ಇಟ್ಟುಕೊಂಡರೆ ಹೊಟ್ಟೆ ಉರಿಯುತ್ತದೆ.

ಡಿಸೆಂಬರ್‌ಗೆ ಊರಿಗೆ ಬರುತ್ತಿದ್ದೇವೆ. ಅಕ್ಕನ ಮಗ ಈ ವರ್ಷ ಕಬ್‌ಗೆ ಸೇರಿದ್ದಾನೆ. ಅಲ್ಲಿನ ಮೇಡಂ ಒಪ್ಪಿದರೆ ಒಂದು ಶನಿವಾರ ಮಕ್ಕಳನ್ನೆಲ್ಲ ಮರದ ಕೆಳಗೆ ಸುತ್ತ ಕೂರಿಸಿಕೊಂಡು ಆ ಸಿವನಿ ಕಾಡಿನ ಕಥೆ ಹೇಳಬೇಕು ಅಂತಿದ್ದೇನೆ. ಬಾಲೂ ಅಂದರೆ ಕರಡಿ ಅಂತ ಹೇಳುವ ಕೆಲಸ ನನ್ನ ಮಗನದು.