ಒಡೆಯೋಕೆ ಹತ್ತು ಜನ, ಮೊಳೆ ಕೀಳೋಕೆ ಒಬ್ಬರೂ ಇಲ್ಲ

ಹಾರ್ವೆ ಚಂಡಮಾರುತ 2017ರ ಆಗಸ್ಟ್ 25ರ ರಾತ್ರಿ ಟೆಕ್ಸಸ್ ಕರಾವಳಿಗೆ ಬಂತು. ಬಂದದ್ದು ಬೇಗ ಹೋಗಿದ್ದರೆ ಅಷ್ಟು ಕಷ್ಟವಿರಲಿಲ್ಲ. ಅದು ಅಲ್ಲೇ ಠಿಕಾಣಿ ಹೂಡಿ ನೆಡರ್‌ಲ್ಯಾಂಡ್ ಎಂಬ ಊರಿನ ಮೇಲೆ 60.58 ಇಂಚು ಮಳೆ ಸುರಿಸಿತು. ಹ್ಯೂಸ್ಟನ್ನಿನ ಮೆಯರ್‌ಲ್ಯಾಂಡ್ ಬಡಾವಣೆಯ ಎಷ್ಟೋ ಮನೆಗಳಿಗೆ 2015, 2016ರ ನಂತರ ನೀರು ನುಗ್ಗಿದ್ದು ಇದು ಮೂರನೇ ಸಲ. ನೀರು ಇಳಿಯಿತು, ಸ್ವಯಂಸೇವಕರು ಏರಿದರು. ಹಳದಿ ಅಂಗಿ, ಕಿತ್ತಳೆ ಅಂಗಿ, ವ್ಯಾನುಗಟ್ಟಲೆ ಚರ್ಚಿನ ಮಂದಿ. ಎಲ್ಲರ ಕೈಯಲ್ಲೂ ಹೊಸ ಸುತ್ತಿಗೆ, ಕೆಲವದರ ಬೆಲೆಚೀಟಿ ಇನ್ನೂ ಕಿತ್ತಿಲ್ಲ.

ಇಟ್ಟಿಗೆ ಗೋಡೆ ನೋಡಿ ಬೆಳೆದ ನಮ್ಮವರಿಗೆ ಅಲ್ಲಿ ಮೊದಲು ಅಚ್ಚರಿ ಹುಟ್ಟಿಸುವುದು ಗೋಡೆಯೇ. ಬೆಂಗಳೂರಲ್ಲಿ ಫಾಲ್ಸ್ ಸೀಲಿಂಗಿಗೆ ಹಾಕುತ್ತಾರಲ್ಲ, ಆ ಜಿಪ್ಸಮ್ ಬೋರ್ಡೇ ಅಲ್ಲಿ ಒಳಗಿನ ಗೋಡೆ: ಅರ್ಧ ಇಂಚು ದಪ್ಪ, ಎರಡೂ ಬದಿಗೆ ಕಾಗದ. ಹಿಂದೆ 16 ಇಂಚಿಗೊಂದು ಸ್ಟಡ್, ಅಂದರೆ ಬೋರ್ಡು ಹೊಡೆಯುವ ಮರದ ನಿಲುಪಟ್ಟಿ, ನಡುವೆ ಗುಲಾಬಿ ಬಣ್ಣದ ಫೈಬರ್‌ಗ್ಲಾಸ್ ಹತ್ತಿ. ಮನೆಯೊಳಗೆ ಒಂದಡಿ ನೀರು ನಿಂತರೂ ಬೋರ್ಡು ಅದನ್ನು ಹೀರಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂದೆರಡು ದಿನದಲ್ಲೇ ಬೂಸ್ಟು ಶುರು. ಆದ್ದರಿಂದ ಒಡೆಯಲೇಬೇಕು. ಒಡೆಯುವ ಉತ್ಸಾಹಕ್ಕೇನೂ ಬರವಿಲ್ಲ. ಎಲ್ಲಿಗೆ ನಿಲ್ಲಿಸಬೇಕು ಎನ್ನುವುದಷ್ಟೇ ಯಾರಿಗೂ ಗೊತ್ತಿರುವುದಿಲ್ಲ.

ಬೋರ್ಡಿನ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಅಡ್ಡಡ್ಡ ಕೂರಿಸಿದರೆ ಎತ್ತರ ಸರಿಯಾಗಿ 48 ಇಂಚು. ನೆಲದ ತೇವ ಮತ್ತೆ ಏರದಿರಲಿ ಎಂದು ಕೆಳಗೆ ಅರ್ಧ ಇಂಚು ಸಂದು ಬಿಡಬೇಕು, ಅದನ್ನು ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ. ಅಂದರೆ ಹಳೇ ಗೋಡೆಯನ್ನು ಕೊಯ್ಯಬೇಕಾದ್ದು ನೆಲದಿಂದ 48½ ಇಂಚಿಗೆ. ಬಣ್ಣದ ಪುಡಿ ಹಚ್ಚಿದ ದಾರ ಹೊಡೆದು ಗೆರೆ ಎಳೆದರೆ ಎರಡು ನಿಮಿಷದ ಕೆಲಸ. ಆದರೆ ತಂಡದಲ್ಲೊಬ್ಬರು ಕಣ್ಣಳತೆಯ ಪ್ರವೀಣರು ಇದ್ದೇ ಇರುತ್ತಾರೆ. ಅವರ ಗೆರೆ ಬಾಗಿಲ ಹತ್ತಿರ 47, ಕಿಟಕಿಯ ಹತ್ತಿರ 51. ಮುಂದೆ ಹೊಸ ಹಾಳೆ ತಂದಾಗ ಒಂದು ಕಡೆ ಕತ್ತರಿಸಬೇಕು, ಇನ್ನೊಂದು ಕಡೆ ಎರಡೂವರೆ ಇಂಚಿನ ಪಟ್ಟಿ ಕೂಡಿಸಬೇಕು. ಆ ಪಟ್ಟಿಗೆ ಸ್ಕ್ರೂ ಹಾಕಿದರೆ ಪುಡಿ, ಹಾಕದಿದ್ದರೆ ನಿಲ್ಲದು.

ಗರಗಸದ ಅಲಗು ಅರ್ಧ ಇಂಚಿಗಿಂತ ಆಳ ಇಳಿಯಬಾರದು. ಇಳಿದರೆ ವೈರು. ಮೇನ್ ಸ್ವಿಚ್ ಆಫ್ ಮಾಡಿರುವುದರಿಂದ ಜೀವಕ್ಕೆ ಅಪಾಯವಿಲ್ಲ, ಎಲೆಕ್ಟ್ರಿಷಿಯನ್ನಿನ ಬಿಲ್ಲಿಗೆ ಮಾತ್ರ. ಅಡುಗೆಮನೆಯ ಗೋಡೆಯಲ್ಲಾದರೆ ಪೈಪು. ಅದು ತುಂಡಾದರೆ ಒಣಗಿಸಲು ಬಂದವರೇ ಮನೆಗೆ ನಾಲ್ಕನೇ ಸಲ ನೀರು ನುಗ್ಗಿಸಿದ ಕೀರ್ತಿಗೆ ಪಾತ್ರರಾಗುತ್ತಾರೆ.

ಇನ್ನು ಫ್ರಿಜ್ಜು. ಬಾಗಿಲು ತೆಗೆಯಬೇಡಿ, ಡಕ್ಟ್ ಟೇಪನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಸುತ್ತು ಸುತ್ತಿ, ಆಮೇಲೆ ಕೈಗಾಡಿಗೆ ಕಟ್ಟಿ ಎಂದು ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಹೇಳುತ್ತಾರೆ. ಹದಿನೈದು ದಿನ ಕರೆಂಟಿಲ್ಲದೆ ಟೆಕ್ಸಸ್ ಸೆಕೆಯಲ್ಲಿ ಬೆಂದ ಕೋಳಿ ಮಾಂಸ ಹೇಗಿರುತ್ತದೆಂದು ವಿವರಿಸುತ್ತಾರೆ. ಆದರೂ ಯಾರಿಗಾದರೂ "ಒಳಗೆ ಏನಿದೆ ನೋಡೋಣ" ಅನ್ನಿಸಿಯೇ ತೀರುತ್ತದೆ. ಅಲ್ಲಿಗೆ ಆ ಮನೆಯ ಬೆಳಗಿನ ಕೆಲಸ ಮುಗಿಯಿತು, ಎಲ್ಲರೂ ರಸ್ತೆಯಲ್ಲಿ. ಟೇಪು ಸುತ್ತಿದವರೂ ಪೂರ್ತಿ ಬಚಾವಲ್ಲ. ಫ್ರಿಜ್ಜನ್ನು ವಾಲಿಸಿದಾಗ ಅಡಿಯ ಟ್ರೇಯಲ್ಲಿ ನಿಂತ ನೀರು ಕೆಳಗೆ ಹಿಡಿದವರ ಬೂಟಿಗೆ ಇಳಿಯುತ್ತದೆ. ಅನುಭವಸ್ಥರು ಯಾವಾಗಲೂ ಮೇಲಿನ ತುದಿ ಹಿಡಿಯುತ್ತಾರೆ.

ನೆನೆದ ಕಾರ್ಪೆಟ್ಟನ್ನು ಇಡಿಯಾಗಿ ಸುತ್ತಿ ಎತ್ತಲು ಹೋಗುವುದು ಪಡ್ಡೆ ಹುಡುಗರ ಕೆಲಸ. ಮೂರಡಿ ಅಗಲದ ಪಟ್ಟಿಗಳಾಗಿ ಕೊಯ್ದು ಸುತ್ತಿದರೆ ಇಬ್ಬರು ಸಾಕು. ಎಸೆಯುವ ಮುನ್ನ ಫೋಟೋ ತೆಗೆಯಿರಿ, ವಿಮೆಯವರಿಗೆ ತೋರಿಸಲು ಒಂದು ತುಂಡು ಎತ್ತಿಡಿ, ಎಲ್ಲಕ್ಕಿಂತ ಮೊದಲು ಮನೆಯೊಡತಿಯನ್ನು ಕೇಳಿ. ನಿಮಗೆ ಕಸವಾಗಿ ಕಂಡ ಡಬ್ಬಿಯಲ್ಲಿ ಅವರ ಗಂಡನ ಕಾಗದಗಳಿರಬಹುದು. ಹೊರಗೆ ಕಸವನ್ನೂ ವಿಂಗಡಿಸಬೇಕು: ಗೋಡೆಯ ಚೂರು ಒಂದು ರಾಶಿ, ಪೀಠೋಪಕರಣ ಒಂದು, ಫ್ರಿಜ್ಜು ಒಲೆ ಬೇರೆ, ಪೇಂಟು ರಾಸಾಯನಿಕ ಬೇರೆ. ರಾಶಿಯನ್ನು ನೆರಳಿದೆಯೆಂದು ಮರದಡಿ ಹಾಕಿದಿರೋ, ಕಸ ಎತ್ತುವ ಲಾರಿಯ ಉಕ್ಕಿನ ಪಂಜ ಅಲ್ಲಿಗೆ ಇಳಿಯದು. ಕರೆಂಟು ತಂತಿಯ ಕೆಳಗೂ ಅಷ್ಟೇ. ಮಾರನೆಯ ದಿನ ಅದನ್ನೇ ಕೈಯಾರೆ ಸರಿಸಬೇಕು. ಅಷ್ಟರಲ್ಲಿ ಬೆಂಕಿ ಇರುವೆಗಳು ಅದರೊಳಗೆ ಸಂಸಾರ ಹೂಡಿರುತ್ತವೆ. ಈ ಇರುವೆಗಳು ಪ್ರವಾಹದಲ್ಲಿ ಒಂದನ್ನೊಂದು ಕಚ್ಚಿಹಿಡಿದು ತೆಪ್ಪವಾಗಿ ತೇಲಿ ಬಂದವು, ಸುಲಭಕ್ಕೆ ಜಾಗ ಬಿಡುವ ಜಾತಿಯಲ್ಲ.

ಸಂಜೆಗೆ ಗೋಡೆ ಹೋಯಿತು, ಸ್ಟಡ್ ಉಳಿಯಿತು, ಗುಂಪಾಗಿ ಫೋಟೋ ತೆಗೆಸಿಕೊಳ್ಳುವ ಆಸೆ ಬಂತು. ಆದರೆ ಸ್ಟಡ್ಡುಗಳ ತುಂಬಾ ಸ್ಕ್ರೂ ಮೊಳೆಗಳು ಇನ್ನೂ ನಿಂತಿವೆ. ಒಂದು ಮೊಳೆ ಉಳಿದರೂ ಹೊಸ ಬೋರ್ಡು ಸಪಾಟಾಗಿ ಕೂರದು. ಬೆಳಗ್ಗೆ ಸುತ್ತಿಗೆಗೆ ಜಗಳವಾಡಿದ ಹತ್ತು ಜನರಿಗೂ ಈಗ ಬೆನ್ನು ನೋವು, ಬಾಯಾರಿಕೆ, ತುರ್ತು ಫೋನು. ಕೊನೆಗೆ ಕೂತು ಕೀಳುವುದು ಎಪ್ಪತ್ತು ದಾಟಿದ ಹಿರಿಯರೊಬ್ಬರೇ. ನೆಲಕ್ಕೆ ಬಿದ್ದ ಮೊಳೆಗಳು ತಳ್ಳುಗಾಡಿಯ ಚಕ್ರಕ್ಕೆ ಸೇರುತ್ತವೆ. ಗಾಳಿ ತುಂಬಿದ ಚಕ್ರವಾದರೆ ಮಧ್ಯಾಹ್ನದೊಳಗೇ ಪಂಕ್ಚರ್, ಗಟ್ಟಿ ರಬ್ಬರಿನದ್ದೇ ತರಬೇಕು. ಅಂಗಳದ ಮೇಲೆ ಮ್ಯಾಗ್ನೆಟ್ ರೋಲರನ್ನು ಎರಡು ಸಲ ಓಡಿಸಿದರೆ ಮನೆಯವರ ಕಾರೂ ಉಳಿಯುತ್ತದೆ.

ಒಣಗಿಸುವುದು ತಾಳ್ಮೆಯ ವಿಷಯ. ಗಾಳಿಯಾಡಲೆಂದು ಕಿಟಕಿ ತೆರೆದಿಟ್ಟರೆ ಹ್ಯೂಸ್ಟನ್ನಿನ ಸೆಪ್ಟೆಂಬರಿನ ತೇವವೆಲ್ಲ ಒಳಗೆ ಬಂದು ಕೂರುತ್ತದೆ. ಕಿಟಕಿ ಮುಚ್ಚಿ, ಫ್ಯಾನಿನ ಜೊತೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಓಡಿಸಬೇಕು. ತೇವ ಅಳೆಯುವ ಮಾಯಿಶ್ಚರ್ ಮೀಟರಿನ ಎರಡು ಸೂಜಿಯನ್ನು ಮರಕ್ಕೆ ಚುಚ್ಚಿದಾಗ ಶೇ. 15ಕ್ಕಿಂತ ಕಡಿಮೆ ತೋರಿಸುವವರೆಗೆ ಬೋರ್ಡು ಹಾಕುವಂತಿಲ್ಲ, ವಾರಗಳೇ ಬೇಕಾದಾವು. ತಂಡಕ್ಕೋ ಶನಿವಾರ ವಾಪಸ್ ಹೋಗಬೇಕು. ಮುಟ್ಟಿ ನೋಡಿ "ಒಣಗಿದೆ" ಎಂದು ತೀರ್ಪು ಕೊಟ್ಟು ಮುಚ್ಚಿದ ಗೋಡೆಯನ್ನು ಮತ್ತೊಂದು ತಂಡ ಬಂದು ಬಿಚ್ಚುತ್ತದೆ.

ಪುಟ್ಟಿಯ ಕಥೆಯೂ ಅದೇ. ಸಂದಿಗೆ ಪೇಪರ್ ಟೇಪ್ ಅಂಟಿಸಿ, ತೆಳ್ಳಗೆ ಮೂರು ಸಲ ಬಳಿಯಬೇಕು, ಪ್ರತಿ ಸಲವೂ ಒಣಗಲು ಒಂದು ದಿನ. ಶುಕ್ರವಾರ ಮಧ್ಯಾಹ್ನ ಮೂರನ್ನೂ ಒಂದೇ ಸಲ ದಪ್ಪಕ್ಕೆ ಮೆತ್ತಿದರೆ ಒಣಗುವಾಗ ಬಿರುಕು ಬಿಡುತ್ತದೆ. ಸೋಮವಾರ ಬಂದವರು ಅದನ್ನು ಉಜ್ಜುತ್ತಾ, ಬಿಳಿ ಧೂಳಲ್ಲಿ ಮುಳುಗಿ, ಹಿಂದಿನ ವಾರದವರನ್ನು ಬಯ್ಯುತ್ತಾರೆ. ಕ್ರೈಸ್ತ ಸಹನೆ ಎಲ್ಲದಕ್ಕೂ ಸಾಲುತ್ತದೆ, ಪಕ್ಕದೂರಿನ ಚರ್ಚಿನವರು ಬಳಿದ ಪುಟ್ಟಿಗೆ ಸಾಲದು.

ಗೋಡೆ ಮುಚ್ಚುವ ಮುನ್ನ ಸ್ಟಡ್ಡುಗಳ ಮೇಲೆ ಬೈಬಲ್ ವಚನ ಬರೆಯುವ ರೂಢಿ ಅನೇಕ ತಂಡಗಳಲ್ಲಿದೆ. ಬರೆಯಲಿ, ಪಕ್ಕದಲ್ಲಿ ತಾರೀಖು, ಮೀಟರಿನ ಅಂಕಿ, ವೈರು ಎಲ್ಲಿ ಹೋಗಿದೆ ಎಂಬುದನ್ನೂ ಬರೆದರೆ ಮುಂದಿನವರಿಗೆ ಉಪಕಾರ. ಆದರೆ ಉತ್ಸಾಹಿಗಳು ಮೇಲೆ ಉಳಿದ ಹಳೇ ಬೋರ್ಡಿನ ಮೇಲೂ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದುಬಿಡುತ್ತಾರೆ. ಆ ಶಾಯಿ ಮಾಮೂಲಿ ಪೇಂಟಿನ ಮೇಲಕ್ಕೆ ಎದ್ದು ಬರುತ್ತದೆ, ಎರಡು ಕೋಟ್ ಬಳಿದರೂ "ಭಯಪಡಬೇಡ" ಎಂದು ನಡುಮನೆಯ ಗೋಡೆಯಿಂದ ಓದಬಹುದು. ಬರೆದಾಗಿಬಿಟ್ಟಿದ್ದರೆ ಮೊದಲು ಕಲೆ ಮೇಲೇಳದಂತೆ ತಡೆಯುವ ಶೆಲ್ಯಾಕ್ ಪ್ರೈಮರ್ ಹೊಡೆಯಿರಿ. ಇನ್ನೂ ಬರೆದಿಲ್ಲವಾದರೆ ಕೈಗೆ ಪೆನ್ಸಿಲ್ ಕೊಡಿ.