400 ಡಾಲರ್ ಯಾಕೆ ಕೊಡಬೇಕು ಅಂತ ಕೇಳಿದವರಿಗೆ

ಕಳೆದ ವಾರ ನಮ್ಮ ದೇವಸ್ಥಾನದ ವಾಟ್ಸಾಪ್ ಗ್ರೂಪ್‌ನಲ್ಲಿ ಒಬ್ಬರು ಕೇಳಿದರು. "ಅಕ್ಕಾ, ಆ ಸರ್ವಧರ್ಮ ಮಂಡಳಿಗೆ ಕನ್ಸಲ್ಟೆಂಟ್ ಇಡೋಕೆ ನಮ್ಮ ದೇವಸ್ಥಾನದಿಂದ 400 ಡಾಲರ್ ಹೋಗಿದೆಯಂತೆ. ಯಾಕೆ? ನಮ್ಮಲ್ಲೇ ಅರ್ಧ ಜನ ಪ್ರಾಜೆಕ್ಟ್ ಮ್ಯಾನೇಜರ್‌ಗಳು. ಪ್ಲಾನ್ ಮಾಡೋದು ನಮಗೆ ಗೊತ್ತಿಲ್ವಾ?"

ಕೇಳಿದ್ದು ಸರಿಯಾಗಿಯೇ ಇದೆ. ಭಕ್ತರು ಕೊಟ್ಟ ದುಡ್ಡು, ಲೆಕ್ಕ ಕೇಳಲೇಬೇಕು. ಗ್ರೂಪ್‌ನಲ್ಲಿ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾವಿರುವುದು ನ್ಯೂಜೆರ್ಸಿಯ ಒಂದು ಸಣ್ಣ ಊರಿನಲ್ಲಿ. ಅಮೆರಿಕದ ಎಷ್ಟೋ ಊರುಗಳಲ್ಲಿ ಇರುವ ಹಾಗೆ ಇಲ್ಲೂ ಒಂದು ಸರ್ವಧರ್ಮ ಮಂಡಳಿ ಇದೆ. ಚರ್ಚ್‌ಗಳು, ಎರಡು ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಒಂದು ಮಸೀದಿ, ಒಂದು ಗುರುದ್ವಾರ, ನಮ್ಮ ದೇವಸ್ಥಾನ, ಎಲ್ಲ ಸೇರಿ 15 ಸಂಸ್ಥೆಗಳು. ದೇವಸ್ಥಾನದ ಪರವಾಗಿ ಅಲ್ಲಿಗೆ ಹೋಗುವುದು ನಾನು. ಮಂಡಳಿಗೆ ಸಂಬಳದ ಸಿಬ್ಬಂದಿ ಯಾರೂ ಇಲ್ಲ. ವರ್ಷದ ಆದಾಯ 50,000 ಡಾಲರ್ ದಾಟದ ಇಂಥ ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ 990-ಎನ್ ಅಂತ ಪೋಸ್ಟ್‌ಕಾರ್ಡ್‌ನಷ್ಟೇ ಚಿಕ್ಕ ಫಾರ್ಮ್ ಕಳಿಸಿದರೆ ಸಾಕು. ನಮ್ಮದೂ ಅಷ್ಟೇ. ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ವಾರ ಎಲ್ಲರೂ ಸೇರಿ ಒಂದು ಪ್ರಾರ್ಥನಾ ಸಭೆ. ಚಳಿಗಾಲದಲ್ಲಿ ಕೋಟು, ಕಂಬಳಿ ಸಂಗ್ರಹ. ಹೆಚ್ಚುಕಡಿಮೆ ಇಷ್ಟೇ ಕೆಲಸ.

ನಿಜ ಹೇಳಬೇಕೆಂದರೆ ಇದಕ್ಕೆ ಮುಂಚೆಯೂ ಒಬ್ಬ ಕನ್ಸಲ್ಟೆಂಟ್ ಬಂದಿದ್ದರು, 2019ರಲ್ಲಿ. ಆ ದುಡ್ಡು ನೀರಲ್ಲಿ ಹೋಯಿತು. ಹಾಗಾಗಿ ನಿಮ್ಮ ಅನುಮಾನ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅವರು ಇಡೀ ದಿನದ ಯೋಜನಾ ಶಿಬಿರ ಇಟ್ಟಿದ್ದು ಮೇ ತಿಂಗಳ ಒಂದು ಶನಿವಾರ. ಶನಿವಾರ ಯಹೂದಿಗಳಿಗೆ ಸಬ್ಬತ್, ಅಂದರೆ ಕೆಲಸ ಮಾಡದ ಪವಿತ್ರ ದಿನ. ಅವರಲ್ಲಿ ಸಂಪ್ರದಾಯಸ್ಥರು ಅವತ್ತು ಕಾರು ಓಡಿಸುವುದಿಲ್ಲ, ಪೆನ್ನನ್ನೂ ಹಿಡಿಯುವುದಿಲ್ಲ. ಅಲ್ಲಿ ನಮಗೆ ಕೊಟ್ಟ ಕೆಲಸವೇ ಬಣ್ಣಬಣ್ಣದ ಚೀಟಿಗಳ ಮೇಲೆ ಬರೆದು ಗೋಡೆಗೆ ಅಂಟಿಸುವುದು. ಅದು ರಂಜಾನ್ ತಿಂಗಳು ಬೇರೆ. ಮಧ್ಯಾಹ್ನ ಎಲ್ಲರಿಗೂ ಊಟದ ಡಬ್ಬಿ ಬಂತು. ಮಸೀದಿಯಿಂದ ಬಂದಿದ್ದ ಇಬ್ಬರು ಎದ್ದು ಕಿಟಕಿ ಹತ್ತಿರ ಹೋಗಿ ನಿಂತರು. ಬೇಜಾರು ಮಾಡಿಕೊಂಡೆವು ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ. ನಾವೂ ಹೋಗಿ ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ 48 ಪುಟದ ವರದಿ ಬಂತು. ಒಳ್ಳೆ ಕಾಗದ, ಬಣ್ಣದ ಚಿತ್ರಗಳು. ಕೊನೆಯಲ್ಲಿ ಒಂದು ಪಟ್ಟಿ: ಯುವಕರ ಕಾರ್ಯಕ್ರಮ, ಶಾಲೆಗಳ ಜೊತೆ ಸಂಪರ್ಕ, ಹೊಸ ವೆಬ್‌ಸೈಟ್. ಯಾರು ಮಾಡುತ್ತಾರೆ ಅನ್ನುವ ಕಾಲಂ ಮಾತ್ರ ಮೇಲಿಂದ ಕೆಳಗಿನವರೆಗೂ ಖಾಲಿ. 2020ರಲ್ಲಿ ಕೋವಿಡ್ ಬಂತು. ವರದಿ ಚರ್ಚ್‌ನ ಬೀರು ಸೇರಿತು.

ಆ ಖಾಲಿ ಕಾಲಂ ನೋಡಿದಾಗ ನನಗೆ ನಮ್ಮ ತಂದೆ ನೆನಪಾದರು. ನಮ್ಮೂರಲ್ಲಿ ಅವರದ್ದು ಬಟ್ಟೆ ಅಂಗಡಿ ಇತ್ತು. ಗಣೇಶನ ಹಬ್ಬ, ಈದ್ ಮಿಲಾದ್ ಹತ್ತಿರ ಬಂದರೆ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರಲ್ಲ, ಅದಕ್ಕೆ ಅಪ್ಪನೂ ಹೋಗುತ್ತಿದ್ದರು. ಹಾರ, ಭಾಷಣ, ಚಹಾ, ಬಿಸ್ಕೆಟ್ ಎಲ್ಲ ಇರುತ್ತಿತ್ತು. ಆದರೆ ಮನೆಗೆ ಬರುವಾಗ ಅಪ್ಪನ ಜೇಬಿನಲ್ಲಿ ಒಂದೇ ಒಂದು ಹಾಳೆ. ಮೆರವಣಿಗೆ ಯಾವ ರಸ್ತೆಯಲ್ಲಿ ಹೋಗುತ್ತದೆ, ಮಸೀದಿ ಮುಂದೆ ಎಷ್ಟು ಗಂಟೆಗೆ ಬರುತ್ತದೆ, ವಾದ್ಯ ಎಲ್ಲಿ ನಿಲ್ಲಿಸಬೇಕು, ಯಾವ ಮೂಲೆಯಲ್ಲಿ ಯಾರು ನಿಂತಿರುತ್ತಾರೆ. ಪ್ರತಿ ಮೂಲೆಗೂ ಎರಡು ಹೆಸರು, ಎರಡೂ ಕಡೆಯಿಂದ ಒಬ್ಬೊಬ್ಬರು. ಅಪ್ಪ ಆ ಹಾಳೆಯನ್ನು ಗಲ್ಲಾದ ಗಾಜಿನ ಕೆಳಗೆ ಇಡುತ್ತಿದ್ದರು, ಹಬ್ಬ ಮುಗಿಯುವವರೆಗೂ. ಪ್ಲಾನ್ ಅಂದರೆ ನನ್ನ ಮಟ್ಟಿಗೆ ಅವತ್ತಿಗೂ ಇವತ್ತಿಗೂ ಅದೇ.

ಹಾಗಾದರೆ ನಾವೇ ಕೂತು ಅಂಥ ಒಂದು ಹಾಳೆ ಬರೆಯಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಕೈಲಿ ಯಾಕೆ ಆಗಲಿಲ್ಲ ಅಂದರೆ, ನಾವು ತುಂಬಾ ಮರ್ಯಾದೆಯ ಜನ. ಸರ್ವಧರ್ಮ ಮಂಡಳಿ ಅಂದರೇನೇ ಹಾಗೆ, ಎಲ್ಲರೂ ಎಲ್ಲರ ಮನಸ್ಸು ನೋಯದ ಹಾಗೆ ಮಾತಾಡಬೇಕು. ಪಾದ್ರಿಯವರಿಗೆ ನಾನು "ನಿಮ್ಮ ಸಭೆಯ ಸಮಯ ಸರಿಯಿಲ್ಲ" ಅನ್ನುವುದಿಲ್ಲ. ಅವರು ನನಗೆ "ನಿಮ್ಮ ದೇವಸ್ಥಾನದಿಂದ ನೀವೊಬ್ಬರೇ ಯಾಕೆ ಬರ್ತೀರಿ" ಅನ್ನುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು. ಪ್ರಾಜೆಕ್ಟ್ ಮ್ಯಾನೇಜರ್‌ಗೆ ಪ್ಲಾನ್ ಬರೆಯೋಕೆ ಬರುತ್ತದೆ, ಒಪ್ಪಿದೆ. ಆದರೆ ನೆರೆಯವರಿಗೆ ನೆರೆಯವರು ಕೇಳಲಾಗದ ಪ್ರಶ್ನೆ ಕೇಳೋಕೆ ಹೊರಗಿನವರೇ ಬೇಕು. 400 ಡಾಲರ್ ಕೊಟ್ಟಿದ್ದು ಆ ಕೆಲಸಕ್ಕೆ.

ಈ ಸಲ ಬಂದವರು ಬೇರೆ ಜಿಲ್ಲೆಯ ಒಬ್ಬ ಹೆಂಗಸು. ನಮ್ಮೂರಿನ ಯಾವ ಚರ್ಚಿಗೂ, ಯಾವ ಸಿನಗಾಗಿಗೂ ಸೇರಿದವರಲ್ಲ. ಮೊದಲ ಆರು ವಾರ ಅವರು ಒಂದು ಅಕ್ಷರವನ್ನೂ ಬರೆಯಲಿಲ್ಲ. ಸುಮ್ನೆ ಓಡಾಡಿದರು. ಶುಕ್ರವಾರ ಮಧ್ಯಾಹ್ನ ಮಸೀದಿ, ಭಾನುವಾರ ಗುರುದ್ವಾರದ ಲಂಗರ್ ಊಟ. ಒಂದು ಶನಿವಾರ ಬೆಳಿಗ್ಗೆ ನಮ್ಮ ದೇವಸ್ಥಾನಕ್ಕೆ ಬಂದು ಅಡುಗೆಮನೆಯಲ್ಲಿ ನಮ್ಮ ಜೊತೆ ಹುರುಳಿಕಾಯಿ ಹೆಚ್ಚುತ್ತಾ ಕೂತರು. ಅಭಿಷೇಕ ಮುಗಿದ ಮೇಲೆ ಅರ್ಚಕರನ್ನು ಮಾತಾಡಿಸಬೇಕು ಅಂದರು. ನಾನು ನಡುವೆ ಕೂತು ಕನ್ನಡದಿಂದ ಇಂಗ್ಲಿಷಿಗೆ ಹೇಳಿದೆ. "ಮಂಡಳಿ ಅಂದ್ರೆ ನಿಮಗೆ ಏನು?" ಅಂತ ಕೇಳಿದರು.

ಅರ್ಚಕರು ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದರು: "ವರ್ಷಕ್ಕೆ ಒಂದ್ಸಲ ಶಾಂತಿ ಮಂತ್ರ ಹೇಳೋಕೆ ಕರೀತಾರಮ್ಮ. ಎರಡು ನಿಮಿಷ ಕೊಡ್ತಾರೆ. ಹೇಳಿ ಬರ್ತೀನಿ. ಆಮೇಲೆ ಯಾರೂ ಮಾತಾಡ್ಸಲ್ಲ."

ಎಂಟು ವರ್ಷದಿಂದ ಅವರನ್ನು ನನ್ನ ಕಾರಿನಲ್ಲೇ ಆ ಸಭೆಗೆ ಕರೆದುಕೊಂಡು ಹೋಗಿದ್ದೇನೆ. ಈ ಮಾತು ನಾನು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಕೇಳಿಯೇ ಇರಲಿಲ್ಲವಲ್ಲ.

ಆಮೇಲೆ ಆಕೆ ಮೂರು ವರ್ಷದ ಹಾಜರಿ ಹಾಳೆಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಹರಡಿದರು. ತಿಂಗಳ ಸಭೆ ಮಂಗಳವಾರ ಮಧ್ಯಾಹ್ನ 12ಕ್ಕೆ. ಬಂದವರು ಹೆಚ್ಚಾಗಿ ಪಾದ್ರಿಗಳು ಮತ್ತು ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು. ಗುರುದ್ವಾರದವರ ಸಹಿ ಮೂರು ವರ್ಷದಲ್ಲಿ ಎರಡೇ ಸಲ. ಅವರಿಗೆ ಆಸಕ್ತಿ ಇಲ್ಲ ಅಂತ ನಾವೆಲ್ಲ ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದೆವು. ವಿಷಯ ಬೇರೆಯೇ ಇತ್ತು. ಚರ್ಚ್‌ನಲ್ಲಿ ಪಾದ್ರಿಯವರು ಸಂಬಳದ ಮೇಲೆ ಇರುತ್ತಾರೆ. ಊರಿನವರ ಜೊತೆ ಓಡಾಡುವುದು, ಇಂಥ ಸಭೆಗೆ ಹೋಗುವುದು ಅವರ ಕೆಲಸದ ಒಂದು ಭಾಗವೇ. ನಮ್ಮಲ್ಲಿ ಹಾಗಿಲ್ಲ. ಅರ್ಚಕರ ಕೆಲಸ ಪೂಜೆ, ಗುರುದ್ವಾರದಲ್ಲಿ ಗ್ರಂಥ ಓದುವ ಗ್ರಂಥಿಗಳ ಕೆಲಸ ಪಾಠ, ಕೀರ್ತನೆ. ದೇವಸ್ಥಾನವನ್ನೋ ಗುರುದ್ವಾರವನ್ನೋ ನಡೆಸುವವರು ಹಗಲು ಹೊತ್ತು ಆಫೀಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ದುಡಿಯುವ ಸ್ವಯಂಸೇವಕರು. ಮಂಗಳವಾರ ಮಧ್ಯಾಹ್ನ ಅವರು ಎಲ್ಲಿಂದ ಬರಬೇಕು? ಸಭೆ ಶುರು ಮಾಡಿದವರು ಯಾರನ್ನೂ ದೂರ ಇಡಬೇಕು ಅಂತ ಆ ಹೊತ್ತು ಇಟ್ಟವರಲ್ಲ. ತಮಗೆ ಅನುಕೂಲವಾದ ಹೊತ್ತು ಎಲ್ಲರಿಗೂ ಅನುಕೂಲ ಅಂದುಕೊಂಡಿದ್ದರು. ಈಗ ಸಭೆ ಭಾನುವಾರ ಮಧ್ಯಾಹ್ನ 3ಕ್ಕೆ, ಒಂದೊಂದು ತಿಂಗಳು ಒಬ್ಬೊಬ್ಬರ ಜಾಗದಲ್ಲಿ.

ಇನ್ನು ಕಷ್ಟದ ವಿಷಯಕ್ಕೆ ಬರುತ್ತೇನೆ. 2023ರ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ಹಮಾಸ್ ದಾಳಿ, ಆಮೇಲೆ ಗಾಜಾ ಯುದ್ಧ. ಇಲ್ಲಿನ ಎಷ್ಟೋ ಸರ್ವಧರ್ಮ ಮಂಡಳಿಗಳು ಅದರಿಂದ ಬಿರುಕು ಬಿಟ್ಟವು. ನಮ್ಮಲ್ಲೂ ಒಂದು ಹೇಳಿಕೆ ಹೊರಡಿಸಬೇಕು ಅಂತಾಯಿತು. ಒಂದೊಂದು ಪದಕ್ಕೂ ವಾದ. ಒಂಬತ್ತು ಸಲ ತಿದ್ದಿದರೂ ಹೇಳಿಕೆ ಹೊರಬರಲಿಲ್ಲ. ಒಬ್ಬ ರಬ್ಬಿ ಬರುವುದು ನಿಲ್ಲಿಸಿದರು. ಮಸೀದಿಯ ಪ್ರತಿನಿಧಿಯೂ ನಿಲ್ಲಿಸಿದರು. ಕನ್ಸಲ್ಟೆಂಟ್ ಇಬ್ಬರನ್ನೂ ಬೇರೆ ಬೇರೆಯಾಗಿ ಭೇಟಿ ಮಾಡಿ, ಗಂಟೆಗಟ್ಟಲೆ ಕೂತು ಕೇಳಿದರು. ಆಮೇಲೆ ಅವರ ಒಪ್ಪಿಗೆ ತೆಗೆದುಕೊಂಡು ನಮ್ಮ ಮುಂದೆ ಒಂದೇ ಸಾಲು ಓದಿದರು. ಇಬ್ಬರೂ ಹೇಳಿದ್ದು ಅದೇ ಮಾತು: ಆ ವಾರ ನನಗೆ ಯಾರೂ ಫೋನ್ ಮಾಡಲಿಲ್ಲ.

ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಹೇಳಿಕೆಯ ಪದಗಳನ್ನು ತಿದ್ದುತ್ತಾ ತಿಂಗಳುಗಳು ಕಳೆದಿದ್ದೆವು. ಸಂಬಂಧಿಕರನ್ನು ಕಳೆದುಕೊಂಡು ಕೂತಿದ್ದ ಇಬ್ಬರಿಗೆ ಒಂದು ಫೋನ್ ಮಾಡಲಿಲ್ಲ.

ಇದನ್ನು ಬರೆಯುವಾಗ ನನ್ನದೂ ಒಂದು ವಿಷಯ ಹೇಳಬೇಕು. 2022ರ ಆಗಸ್ಟ್‌ನಲ್ಲಿ ಇಲ್ಲೇ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಭಾರತದ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಬುಲ್ಡೋಜರ್ ಬಂದಿದ್ದು ನಿಮಗೆ ನೆನಪಿರಬಹುದು. ಭಾರತದಲ್ಲಿ ಮುಸ್ಲಿಮರ ಮನೆಗಳನ್ನು ಕೆಡವಿದ್ದರ ಗುರುತಾಗಿ ಅದನ್ನು ಎಷ್ಟೋ ಜನ ನೋಡಿದರು. ಆಯೋಜಕರು ಆಮೇಲೆ ಕ್ಷಮೆ ಕೇಳಿದರು. ಅದರ ಮುಂದಿನ ಮಂಡಳಿ ಸಭೆಯಲ್ಲಿ ನನ್ನ ಎದುರು ಕೂತಿದ್ದವರು ಹೈದರಾಬಾದ್ ಕಡೆಯ ಒಬ್ಬ ಮುಸ್ಲಿಂ ಹೆಣ್ಣುಮಗಳು. ನನ್ನ ಮುಖ ನೋಡಿದರು. ನಾನು ಕೈಲಿದ್ದ ಕಾಫಿ ಕಪ್ ನೋಡುತ್ತಾ ಕೂತೆ. ಅವರಿಗೆ ನೋವಾಗಿದೆ ಅಂತ ಗೊತ್ತಿತ್ತು. ಏನಾದರೂ ಹೇಳಿದರೆ ದೇವಸ್ಥಾನದ ಪರವಾಗಿ ಹೇಳಿದ ಹಾಗಾಗುತ್ತದೆ, ಕಮಿಟಿಯಲ್ಲಿ ಕೇಳುತ್ತಾರೆ ಅಂತ ಭಯ ಆಯಿತು. ಎರಡು ವರ್ಷ ಇದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಕನ್ಸಲ್ಟೆಂಟ್ ಕೇಳಿದಾಗ ಹೇಳಿದೆ. ಅವತ್ತೇ ಸಂಜೆ ಆ ಹೆಣ್ಣುಮಗಳಿಗೆ ಫೋನ್ ಮಾಡಿದೆ. ಏನು ಮಾತಾಡಿಕೊಂಡೆವು ಅನ್ನುವುದು ನಮ್ಮಿಬ್ಬರ ನಡುವೆ ಇರಲಿ. ತುಂಬಾ ಹೊತ್ತು ಮಾತಾಡಿದೆವು.

ಕೊನೆಗೆ ಬಂದ ಯೋಜನೆ ನಾಲ್ಕೇ ಪುಟ. ಬರೆದವರು ನಾವು, ಆಕೆ ಬರೆಸಿದರು. ಊರಿನ ಯಾವ ಪ್ರಾರ್ಥನಾ ಸ್ಥಳಕ್ಕೆ ತೊಂದರೆಯಾದರೂ 24 ಗಂಟೆಯೊಳಗೆ ಇಬ್ಬರು ಫೋನ್ ಮಾಡಬೇಕು, ಖುದ್ದಾಗಿ ಹೋಗಬೇಕು. ಆ ಇಬ್ಬರ ಹೆಸರು, ನಂಬರ್ ಅಲ್ಲೇ ಇದೆ. ಹೊರದೇಶದ ವಿಷಯಗಳಲ್ಲಿ ಎಲ್ಲ 15 ಸಂಸ್ಥೆಗಳೂ ಒಪ್ಪಿದರೆ ಮಾತ್ರ ಮಂಡಳಿಯ ಹೇಳಿಕೆ. ಈ ಎರಡನೆಯದು ನನಗೆ ಪೂರ್ತಿ ಸಮಾಧಾನ ತಂದಿಲ್ಲ. ಹೇಳಲೇಬೇಕಾದ ಹೊತ್ತಿನಲ್ಲೂ ಬಾಯಿ ಮುಚ್ಚಿಕೊಳ್ಳಲು ಅದು ನೆಪವಾಗಬಹುದು. ಸಭೆಯಲ್ಲೂ ಹಾಗೇ ಹೇಳಿದೆ, ನನ್ನ ಅಸಮ್ಮತಿ ನಡಾವಳಿಯಲ್ಲಿ ದಾಖಲಾಗಿದೆ.

ಏನು ನಿಲ್ಲಿಸಬೇಕು ಅನ್ನುವುದಕ್ಕೆ ಒಂದಿಡೀ ಪುಟ ಕೊಟ್ಟಿದ್ದೇವೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಪುಟ ಅದು. ವೆಬ್‌ಸೈಟ್ ಆಸೆ ಬಿಟ್ಟೆವು. ನವೆಂಬರ್ ಸಭೆಯಲ್ಲಿ ಒಬ್ಬೊಬ್ಬರಿಗೆ ಎರಡೆರಡು ನಿಮಿಷದ ಪ್ರಾರ್ಥನೆಯನ್ನೂ ಬಿಟ್ಟೆವು. ಅದರ ಬದಲು ಎಂಟೆಂಟು ಜನ ಒಂದೊಂದು ಮೇಜಿಗೆ ಕೂತು ಊಟ ಮಾಡುವುದು, ಒಂದು ಮೇಜಿನಲ್ಲಿ ಒಂದೇ ಕಡೆಯವರು ಇಬ್ಬರಿಗಿಂತ ಜಾಸ್ತಿ ಇರಬಾರದು.

ಹೊರಗಿನವರನ್ನು ಕರೆದು ಕೇಳುವುದು ನಮ್ಮ ಹೊಸ ಉಪಾಯ ಏನಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಬಿಷಪ್ ವಿಲಿಯಂ ಸ್ವಿಂಗ್ ಅವರು ಯುನೈಟೆಡ್ ರಿಲಿಜನ್ಸ್ ಇನಿಷಿಯೇಟಿವ್ ಅನ್ನುವ ಸರ್ವಧರ್ಮ ಸಂಸ್ಥೆ ಕಟ್ಟುವಾಗ ಕೇಸ್ ವೆಸ್ಟರ್ನ್ ವಿಶ್ವವಿದ್ಯಾಲಯದ ಡೇವಿಡ್ ಕೂಪರ್‌ರೈಡರ್ ಅವರ ನೆರವು ಪಡೆದರು. ಸಂಸ್ಥೆಗಳು ಹೇಗೆ ಬದಲಾಗುತ್ತವೆ ಅಂತ ಅಧ್ಯಯನ ಮಾಡಿದವರು ಅವರು. ತಪ್ಪು ಹುಡುಕುವುದಕ್ಕಿಂತ ಮೊದಲು, ಯಾವುದು ಯಾವಾಗ ಚೆನ್ನಾಗಿ ನಡೆದಿತ್ತು ಅಂತ ಜನರ ಬಾಯಿಂದಲೇ ಹೇಳಿಸುವುದು ಅವರ ದಾರಿ. ವರ್ಷಗಟ್ಟಲೆ ದೇಶದೇಶದ ಜನ ಕೂತು ಮಾತಾಡಿದ ಮೇಲೆ 2000ದ ಜೂನ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅದರ ಸನ್ನದಿಗೆ ಸಹಿ ಬಿತ್ತು. ಅಲ್ಲಿ ಒಂದು ಗುಂಪು ಸೇರಬೇಕಾದರೆ ಕನಿಷ್ಠ 7 ಜನ ಇರಬೇಕು, ಕನಿಷ್ಠ 3 ಧರ್ಮ ಅಥವಾ ಪರಂಪರೆಯವರಿರಬೇಕು. ನೋಡಿ, ಎಷ್ಟು ಸರಳವಾದ, ಅಳೆದು ನೋಡಬಹುದಾದ ನಿಯಮ.

ಮತ್ತೆ ದುಡ್ಡಿನ ಮಾತು. ಒಬ್ಬ ದೊಡ್ಡ ದಾನಿಯಿಂದಲೇ ಪೂರ್ತಿ ತೆಗೆದುಕೊಳ್ಳಬಹುದಿತ್ತಲ್ಲ ಅಂತಲೂ ಕೆಲವರು ಕೇಳಿದರು. ಒಬ್ಬರು ಕೊಡಲು ಮುಂದೆಯೂ ಬಂದಿದ್ದರು. ಬೇಡ ಅಂದವಳು ನಾನೇ. ಬ್ರಿಟನ್ನಿನಲ್ಲಿ 1987ರಿಂದ ನಡೆದುಕೊಂಡು ಬಂದಿದ್ದ ಇಂಟರ್ ಫೇತ್ ನೆಟ್‌ವರ್ಕ್ ಅನ್ನುವ ಸರ್ವಧರ್ಮ ಸಂಸ್ಥೆ 2024ರಲ್ಲಿ ಬಾಗಿಲು ಹಾಕಿತು. ಅದು ಸರ್ಕಾರದ ಅನುದಾನವನ್ನೇ ನೆಚ್ಚಿಕೊಂಡಿತ್ತು. ಒಬ್ಬ ಟ್ರಸ್ಟಿಯ ನೇಮಕದ ಕಾರಣಕ್ಕೆ, ಕೊಡುತ್ತೇವೆ ಅಂದಿದ್ದ ದುಡ್ಡನ್ನು ಸರ್ಕಾರ ಕೊಡಲಿಲ್ಲ, ಸಂಸ್ಥೆಯೇ ಮುಗಿಯಿತು. ನಮ್ಮ ಖರ್ಚು ಒಟ್ಟು 9,000 ಡಾಲರ್. 15 ಸಂಸ್ಥೆಗಳು ತಲಾ 400 ಹಾಕಿದವು, 6,000 ಆಯಿತು. ಉಳಿದ 3,000 ಮಂಡಳಿಯ ಉಳಿತಾಯದ್ದು. ದೊಡ್ಡ ಸಿನಗಾಗಿಗೂ 400, ನಮಗೂ 400. ಹಾಗಾಗಿಯೇ ಆಕೆ ನಮ್ಮ ಅಡುಗೆಮನೆಗೂ ಅಷ್ಟೇ ಹೊತ್ತು ಕೊಟ್ಟರು.

ಒಪ್ಪಂದದಲ್ಲಿ ಇನ್ನೊಂದು ಷರತ್ತು ಹಾಕಿಸಿದ್ದೇವೆ. ಬೇರೆ ಊರಿನಲ್ಲಿ ಇಂಥ ಕೆಲಸದಲ್ಲಿ ಇರುವವರು ಇದನ್ನು ದಯವಿಟ್ಟು ಮರೆಯಬೇಡಿ. ಕೊನೆಯ ಕಂತು, ಅಂದರೆ ಕಾಲು ಭಾಗ, ಯೋಜನೆ ಕೈಗೆ ಬಂದ ದಿನ ಕೊಡುವುದಿಲ್ಲ. ಆರು ತಿಂಗಳಾದ ಮೇಲೆ ಆಕೆ ವಾಪಸ್ ಬಂದು ಒಂದೊಂದು ಹೆಸರನ್ನೂ ಕರೆದು, "ನೀವು ಮಾಡ್ತೀನಿ ಅಂದಿದ್ದು ಎಲ್ಲಿಗೆ ಬಂತು?" ಅಂತ ಕೇಳಬೇಕು. ಆಮೇಲೆ ಆ 2,250 ಡಾಲರ್.

ಆ ಸಭೆ ಬರುವ ಭಾನುವಾರ ಮಧ್ಯಾಹ್ನ 3ಕ್ಕೆ, ನಮ್ಮ ದೇವಸ್ಥಾನದ ಊಟದ ಹಾಲ್‌ನಲ್ಲಿ. ಗ್ರೂಪ್‌ನಲ್ಲಿ ಪ್ರಶ್ನೆ ಕೇಳಿದವರು ಖಂಡಿತ ಬನ್ನಿ, ಲೆಕ್ಕದ ಪುಸ್ತಕ ತಂದಿರುತ್ತೇನೆ. ಬಡಿಸೋಕೆ ಇನ್ನೂ ಮೂರು ಜನ ಬೇಕು. ಪುಳಿಯೋಗರೆಗೆ ಗೊಜ್ಜು ತಾವೇ ಮಾಡುತ್ತೇವೆ ಅಂತ ಅರ್ಚಕರು ಹೇಳಿದ್ದಾರೆ. ಒಬ್ಬರಿಗೆ ಕಡಲೆಕಾಯಿ ಅಲರ್ಜಿ ಇದೆ, ಅವರಿಗೆ ಒಂದು ಪಾತ್ರೆ ಬೇರೆ ಇಡಬೇಕು.